ಹೂವಾಗಿ ಹೊರಟ ಸೆಂಟು ಪೌಡರ್ ಯಾಕಾಯಿತು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಉದ್ಯೋಗಿ. ದುಬೈನಲ್ಲಿರುವ ಅಣ್ಣ ದೀಪಾವಳಿಗೆ ಬಂದಾಗ ‘ಫ್ಲವರ್ ಬೈ ಕೆಂಜೊ’ ಸೆಂಟು ತಂದುಕೊಟ್ಟ. ಬಾಟಲಿಯಲ್ಲಿ ಕೆಂಪು ಪಾಪಿ ಹೂವಿನ ಚಿತ್ರ ಇದೆ. ಹಾಕಿಕೊಂಡ ಕೂಡಲೇ ಹಣ್ಣು, ಹೂವು ಎಲ್ಲ ಸೇರಿದ ಹಾಗೆ ಚೆನ್ನಾಗಿರುತ್ತದೆ. ಅರ್ಧ ಗಂಟೆ ಕಳೆದರೆ ಪೂರ್ತಿ ಪೌಡರ್ ವಾಸನೆ. ಯಜಮಾನರು ‘ಪೌಡರ್ ಡಬ್ಬಿ ಹೊರಟಿತು’ ಅಂತ ತಮಾಷೆ ಮಾಡುತ್ತಾರೆ. ಹನ್ನೊಂದು ಗಂಟೆಗೆಲ್ಲ ನನಗೆ ಏನೂ ಬರುವುದಿಲ್ಲ. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದರೆ ಮತ್ತೆ ಎಲ್ಲಿಂದಲೋ ಘಮ್ಮೆನ್ನುತ್ತದೆ. ನಾದಿನಿಯ ಕೈ ಮೇಲೆ ಅದೇ ಸೆಂಟು ಬೇರೆ ಥರ. ಮಾರನೇ ದಿನ ದುಪಟ್ಟಾದಲ್ಲಿ ಮಾತ್ರ ಇನ್ನೂ ಇರುತ್ತದೆ. ಇದು ಒರಿಜಿನಲ್ಲೋ ಡೂಪ್ಲಿಕೇಟೋ? ಜಾಸ್ತಿ ಹೊಡೆದುಕೊಂಡರೆ ಸರಿಹೋಗುತ್ತದಾ? ಮಲ್ಲಿಗೆ ಮುಡಿದಾಗ ಇದನ್ನು ಹಾಕಬಹುದಾ?

ಉತ್ತರ: ನಿಮ್ಮ ಬಾಟಲಿ ಒರಿಜಿನಲ್ಲೇ ಇರಬೇಕು. ಹಾಗೆ ಅನ್ನಿಸಿದ್ದು ನೀವು ಬರೆದ ದುಪಟ್ಟಾದ ಮಾತಿನಿಂದ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪೌಡರ್ ಆಗುವುದು, ಮಾಯವಾಗುವುದು, ಮತ್ತೆ ಬರುವುದು ಅಂತ ಮೂರು ದೂರು ಇವೆಯಲ್ಲ, ಅದರಲ್ಲಿ ಮೊದಲನೆಯದು ಮಾತ್ರ ಸೆಂಟಿನ ಕೆಲಸ. ಉಳಿದೆರಡು ಹೆಚ್ಚಾಗಿ ನಿಮ್ಮ ಮೂಗಿನ ಕೆಲಸ. ಸಿಹಿ, ಪೌಡರ್, ಹೂವು ಸೇರಿದ ಈ ಜಾತಿಯ ಸೆಂಟುಗಳು ಮೂಗಿನ ಜೊತೆ ಆಡುವಷ್ಟು ಆಟ ಬೇರೆ ಜಾತಿಯವು ಆಡುವುದಿಲ್ಲ.

ನಾನು ಬೆಂಗಳೂರಿನಲ್ಲಿ ಸೋಪು, ಅಗರಬತ್ತಿಗೆ ಕಾಂಪೌಂಡ್ ಮಾಡುವ ಕಡೆ ಇಪ್ಪತ್ತು ವರ್ಷ ಮೂಗಿನ ಕೆಲಸ ಮಾಡಿದವಳು. ಕಾಂಪೌಂಡ್ ಅಂದರೆ ಪರಿಮಳದ ಎಣ್ಣೆಗಳನ್ನೂ ರಾಸಾಯನಿಕಗಳನ್ನೂ ಅಳತೆ ಪ್ರಕಾರ ಬೆರೆಸಿದ ಮಿಶ್ರಣ. ಅದಕ್ಕೆ ಆಲ್ಕೋಹಾಲ್ ಸೇರಿಸಿ ಬಾಟಲಿಗೆ ತುಂಬಿದರೆ ಸೆಂಟು. ಹಾಗಾಗಿ ನಿಮ್ಮ ಬಾಟಲಿಯನ್ನು ನಾನು ನೋಡುವುದು ಅಡುಗೆಯವಳು ಇನ್ನೊಬ್ಬರ ಮನೆ ಸಾರು ನೋಡುವ ಹಾಗೆ.

ಸಾರಿನಿಂದಲೇ ಶುರು ಮಾಡೋಣ. ಒಗ್ಗರಣೆ ಹಾಕಿದ ಕೂಡಲೇ ಕರಿಬೇವಿನ ಘಾಟು ಬೀದಿ ಬಾಗಿಲ ತನಕ ಹೋಗುತ್ತದೆ. ಐದು ನಿಮಿಷ ಬಿಟ್ಟು ಅಡುಗೆ ಮನೆಗೆ ಹೋದರೆ ಅದು ಇಲ್ಲ. ಈಗ ಸಾರಿನ ಪುಡಿಯ ಕೊತ್ತಂಬರಿ, ಜೀರಿಗೆ ಕಾಣಿಸಿಕೊಳ್ಳುತ್ತವೆ. ಊಟ ಮುಗಿದು ಕೈ ತೊಳೆದ ಮೇಲೂ ಬೆರಳ ತುದಿಯಲ್ಲಿ ಉಳಿಯುವುದು ಇಂಗು. ಆದರೆ ಇಂಗು ಕೊನೆಯಲ್ಲಿ ಬಂದು ಸೇರಿದ್ದಲ್ಲ, ಅಲ್ವಾ? ಮೊದಲಿಂದಲೂ ಪಾತ್ರೆಯಲ್ಲೇ ಇತ್ತು. ಗಲಾಟೆ ಮಾಡುವವರು ಎದ್ದು ಹೋದ ಮೇಲೆ ಅದರ ದನಿ ಕೇಳಿಸಿತು, ಅಷ್ಟೆ.

ನಿಮ್ಮ ಸೆಂಟಿನ ಪೌಡರ್ ಕಥೆಯೂ ಇದೇ. ಅದು ಅರ್ಧ ಗಂಟೆ ಆದ ಮೇಲೆ ಹುಟ್ಟಿದ್ದಲ್ಲ. ಮೊದಲ ಹನಿಯಲ್ಲೇ ಇತ್ತು.

ಚರ್ಮದ ಮೇಲೆ ನಡೆಯುವುದು ಆರುವ ಕೆಲಸ. ನೀರು ಕುದಿಯಲು 100 ಡಿಗ್ರಿ ಬೇಕು. ಆದರೂ ಹಗ್ಗದ ಮೇಲಿನ ಬಟ್ಟೆ ಕುದಿಯದೆಯೇ ಒಣಗುತ್ತದೆ. ಹಾಗೆಯೇ ಸೆಂಟಿನ ಪ್ರತಿ ಅಂಶವೂ ನಿಮ್ಮ ಮಣಿಕಟ್ಟಿನ ಮೇಲೆ ತನ್ನದೇ ವೇಗದಲ್ಲಿ ಆರುತ್ತದೆ. ಮಣಿಕಟ್ಟಿನ ಚರ್ಮ ಸುಮಾರು 32–33 ಡಿಗ್ರಿ ಬಿಸಿ ಇರುತ್ತದೆ. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಗೆ, ಅದಕ್ಕೇ ಅದು ಒಂದು ನಿಮಿಷದೊಳಗೆ ಜಾಗ ಖಾಲಿ ಮಾಡುತ್ತದೆ. ಕಿತ್ತಳೆ, ನಿಂಬೆ ಸಿಪ್ಪೆಯ ಮುಖ್ಯ ಅಂಶ ಲಿಮೊನೀನ್, ಅದರದು 176. ಹತ್ತು ಹದಿನೈದು ನಿಮಿಷದ ಅತಿಥಿ. ವೆನಿಲ್ಲಾದ ಸಿಹಿ ಕೊಡುವ ವೆನಿಲಿನ್‌ಗೆ ಸುಮಾರು 285. ಅದು ಸುಲಭಕ್ಕೆ ಏಳುವ ಗಿರಾಕಿ ಅಲ್ಲ. ನಮ್ಮ ಕಸುಬಿನಲ್ಲಿ ಟಾಪ್ ನೋಟ್, ಮಿಡಲ್ ನೋಟ್, ಬೇಸ್ ನೋಟ್ ಅನ್ನುವುದು ಇದನ್ನೇ.

ಇಂಗ್ಲೆಂಡಿನಲ್ಲಿ ಪೌಚರ್ ಅಂತ ಒಬ್ಬ ಪರ್ಫ್ಯೂಮರ್ ಇದ್ದ. ಭಾರಿ ತಾಳ್ಮೆಯ ಮನುಷ್ಯ. ನೂರಾರು ಪದಾರ್ಥಗಳನ್ನು ಕಾಗದದ ಪಟ್ಟಿಗೆ ಹಚ್ಚಿ, ದಿನಾ ಮೂಸಿ, ಯಾವುದು ಎಷ್ಟು ದಿನ ನಿಲ್ಲುತ್ತದೆ ಅಂತ ನೋಡಿದ. ಒಂದೇ ದಿನದಲ್ಲಿ ಹೋಗುವುದಕ್ಕೆ 1 ಅಂಕ, ಎಲ್ಲಕ್ಕಿಂತ ಗಟ್ಟಿಯಾಗಿ ನಿಂತವಕ್ಕೆ 100. ನಮ್ಮ ಶ್ರೀಗಂಧ, ಪಚ್ಚೆತೆನೆ ಎಲ್ಲ 100ರ ಸಾಲಿನಲ್ಲಿ ಕೂತವು. ನಾನು ಕೆಲಸಕ್ಕೆ ಸೇರಿದಾಗ ಆ ಪಟ್ಟಿಯ ಮಾಸಿದ ಝೆರಾಕ್ಸ್ ಗೋಡೆಗೆ ಅಂಟಿಸಿದ್ದರು.

ಟಾಪ್, ಮಿಡಲ್, ಬೇಸ್ ಅನ್ನುವುದನ್ನು ಅಂಗಡಿಗಳಲ್ಲಿ ತ್ರಿಕೋನದ ಚಿತ್ರ ಬರೆದು ತೋರಿಸುತ್ತಾರೆ. ಮೂರು ಅಂತಸ್ತಿನ ಮನೆ, ಒಂದೊಂದಾಗಿ ಇಳಿದು ಬನ್ನಿ ಅನ್ನುವ ಹಾಗೆ. ನನಗೆ ಆ ಚಿತ್ರ ಅಷ್ಟು ಹಿಡಿಸುವುದಿಲ್ಲ. ಅದರಲ್ಲೂ ನಿಮ್ಮಂಥ ಸೆಂಟಿಗೆ ಅದು ಹೊಂದುವುದೇ ಇಲ್ಲ. ಇದರಲ್ಲಿ ಮೇಲಂತಸ್ತು ಬಹಳ ಚಿಕ್ಕದು. ಸ್ವಲ್ಪ ಹಣ್ಣು, ಸ್ವಲ್ಪ ಹಸಿರು, ಅದೂ ನಿಮ್ಮನ್ನು ಬಾಗಿಲಲ್ಲಿ ಮಾತಾಡಿಸಲು ಮಾತ್ರ. ಉಳಿದದ್ದೆಲ್ಲ ಒಂದೇ ದೊಡ್ಡ ಪಡಸಾಲೆ. ವೈಲೆಟ್, ಗುಲಾಬಿ, ವೆನಿಲ್ಲಾ, ಬಿಳಿ ಕಸ್ತೂರಿ ಎಲ್ಲ ಅಲ್ಲೇ ಒಟ್ಟಿಗೆ ಕೂತಿರುತ್ತವೆ. ಅರ್ಧ ಗಂಟೆಗೆ ನೀವು ಆ ಪಡಸಾಲೆಗೆ ಬಂದಿರುತ್ತೀರಿ. ಆಮೇಲೆ ಸಂಜೆ ತನಕ ಅಲ್ಲೇ.

ಈ ಸೆಂಟು ಹುಟ್ಟಿದ ಕಥೆಯೂ ಸ್ವಲ್ಪ ತಮಾಷೆ. ಕೆಂಜೊ ತಕಾಡ ಜಪಾನಿನಿಂದ ಪ್ಯಾರಿಸ್‌ಗೆ ಹೋಗಿ ಹೆಸರು ಮಾಡಿದ ಬಟ್ಟೆ ವಿನ್ಯಾಸಕಾರ. ಅವರ ಹೆಸರಿನ ಕಂಪನಿ 2000ರಲ್ಲಿ ಇದನ್ನು ಬಿಡುಗಡೆ ಮಾಡಿತು. ಪರಿಮಳ ಕಟ್ಟಿದವರು ಆಲ್ಬರ್ಟೊ ಮೊರಿಯಾಸ್. ಗಾಳಿಗೆ ಬಾಗಿದ ದಂಟಿನ ಹಾಗಿರುವ ಬಾಟಲಿ ಸೆರ್ಜ್ ಮಾನ್ಸೊ ಅವರದು. ಪಾಪಿ ಅಂದರೆ ನಮ್ಮ ಪುಣ್ಯ-ಪಾಪದ ಪಾಪಿ ಅಲ್ಲ, ಗಸಗಸೆ ಗಿಡದ ದಾಯಾದಿ. ಈ ಕೆಂಪು ಪಾಪಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಕನಕಾಂಬರ ಇದೆಯಲ್ಲ, ಹಾಗೆ. ನೋಡಲು ಬಣ್ಣ, ಮೂಸಿದರೆ ಏನೂ ಇಲ್ಲ. ವಾಸನೆಯೇ ಇಲ್ಲದ ಹೂವಿಗೆ ವಾಸನೆ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ಕಲ್ಪಿಸಿ ಮಾಡಿದ್ದು ಇದು. ಆದ್ದರಿಂದ ‘ಇದು ಹೂವಿನ ಹಾಗಿಲ್ಲ, ಪೌಡರಿನ ಹಾಗಿದೆ’ ಅಂತ ದೂರುವ ಹಾಗೂ ಇಲ್ಲ. ಹೋಲಿಸಿ ನೋಡಲು ಹೂವೇ ಇಲ್ಲವಲ್ಲ!

ಈಗ ಪೌಡರ್ ವಿಷಯ. ಒಂದು ಪ್ರಶ್ನೆ ಕೇಳುತ್ತೇನೆ: ಪೌಡರಿಗೆ ವಾಸನೆ ಇದೆಯಾ? ಟಾಲ್ಕ್ ಅನ್ನುವುದು ನೆಲದಿಂದ ತೆಗೆದ ಕಲ್ಲಿನ ಪುಡಿ. ಬಳಪದ ಕಲ್ಲು ಗೊತ್ತಲ್ಲ, ಅದರ ವಂಶ. ಅದಕ್ಕೆ ಪರಿಮಳವೇ ಇಲ್ಲ. ನಾವು ಪೌಡರ್ ವಾಸನೆ ಅನ್ನುವುದು ಪೌಡರಿಗೆ ಯಾರೋ ಬೆರೆಸಿದ ಸೆಂಟಿನ ವಾಸನೆ. ಯೂರೋಪಿನಲ್ಲಿ ಮುಖದ ಪೌಡರಿಗೆ, ಅದಕ್ಕೂ ಹಿಂದೆ ತಲೆಗೂದಲಿನ ಪೌಡರಿಗೆ, ಐರಿಸ್ ಗಿಡದ ಬೇರಿನ ಪುಡಿ ಬೆರೆಸುತ್ತಿದ್ದರು. ಆಮೇಲೆ ವೈಲೆಟ್, ಗುಲಾಬಿ, ಹೆಲಿಯೊಟ್ರೋಪ್ ಹೂವುಗಳ ಪರಿಮಳ ಸೇರಿದವು. ಪ್ಯಾರಿಸ್‌ನ ಫ್ರಾಂಸ್ವಾ ಕೋಟಿ 1905ರಲ್ಲಿ ಲೊರಿಗಾನ್ ಅನ್ನುವ ಸೆಂಟು ತಂದ. ಅದೇ ಪರಿಮಳವನ್ನು ಆಮೇಲೆ ಮುಖದ ಪೌಡರಿಗೂ ಹಾಕಿ ಮಾರಿದ. ಸೆಂಟಿನಿಂದ ಪೌಡರ್, ಪೌಡರಿನಿಂದ ಸೆಂಟು, ಹೀಗೆ ಎರಡೂ ಒಂದನ್ನೊಂದು ನಕಲು ಮಾಡುತ್ತ ಬಂದವು. ನಿಮ್ಮ ಯಜಮಾನರ ಮೂಗು ತಪ್ಪಿಲ್ಲ. ಚಿಕ್ಕಂದಿನಲ್ಲಿ ಅವರಮ್ಮ ಸ್ನಾನ ಮಾಡಿಸಿ ಹಚ್ಚಿದ ಪೌಡರಿನಲ್ಲಿ ಇದೇ ಕುಟುಂಬದ ಪರಿಮಳ ಇದ್ದಿರಬಹುದು. ಫ್ರಾನ್ಸಿನ ಅಜ್ಜಿಗೆ ಇದು ಲಿಪ್‌ಸ್ಟಿಕ್ ನೆನಪು ತರುತ್ತದೆ. ನಮಗೆ ತೊಟ್ಟಿಲ ಮಗುವಿನ ನೆನಪು.

ಆ ಐರಿಸ್ ಬೇರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಇಟಲಿಯ ಫ್ಲಾರೆನ್ಸ್ ಸುತ್ತ ಇದನ್ನು ಬೆಳೆಯುತ್ತಾರೆ. ನೋಡಲು ಶುಂಠಿಯ ಗೆಡ್ಡೆ ಥರ. ನೆಟ್ಟು ಮೂರು ವರ್ಷಕ್ಕೆ ಅಗೆಯುತ್ತಾರೆ. ಆಗ ಮೂಸಿದರೆ ಬರೀ ಮಣ್ಣು, ಹಸಿ ಆಲೂಗಡ್ಡೆ. ಸಿಪ್ಪೆ ತೆಗೆದು ಒಣಗಿಸಿ ಇನ್ನೂ ಮೂರು ವರ್ಷ, ಕೆಲವೊಮ್ಮೆ ಹೆಚ್ಚೇ, ಹಾಗೇ ಇಡಬೇಕು. ಆ ಹೊತ್ತಿಗೆ ಗೆಡ್ಡೆಯೊಳಗೆ ನಿಧಾನವಾಗಿ ಐರೋನ್ ಅನ್ನುವ ಅಂಶ ಹುಟ್ಟುತ್ತದೆ. ತಣ್ಣಗಿನ, ಮೆತ್ತಗಿನ, ಒಣ ಪರಿಮಳ. ಬಟ್ಟಿ ಇಳಿಸಿದರೆ ಬೆಣ್ಣೆಯ ಹಾಗೆ ಗಟ್ಟಿಯಾದದ್ದು ಸಿಗುತ್ತದೆ. ಬೆಲೆ ಕೇಳಿದರೆ ಚಿನ್ನದಂಗಡಿ ನೆನಪಾಗುತ್ತದೆ. ನಾನು ನೌಕರಿಯಲ್ಲಿ ಅದನ್ನು ಮುಟ್ಟಿದ್ದು ಎರಡೇ ಸಲ. ಅಗರಬತ್ತಿಗೆ ಅದನ್ನು ಹಾಕುವ ಹುಚ್ಚು ಯಾರಿಗೂ ಇಲ್ಲ ಬಿಡಿ.

ಆ ಬೇರಿನ ಪರಿಮಳ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಿದ್ದ ಜರ್ಮನಿಯ ಟೀಮನ್ ಮತ್ತು ಕ್ರ್ಯೂಗರ್ ಅವರ ಕೈಗೆ 1893ರಲ್ಲಿ ಅಯೋನೋನ್ ಸಿಕ್ಕಿತು. ಅದು ಐರಿಸ್ ಅಲ್ಲ, ಆದರೆ ವೈಲೆಟ್ ಹೂವಿನ ಪಡಿಯಚ್ಚು. ಅಲ್ಲಿ ತನಕ ವೈಲೆಟ್ ಎಣ್ಣೆ ರಾಜಮಹಲಿನ ವಸ್ತು. ಅಯೋನೋನ್ ಬಂದ ಮೇಲೆ ಸೋಪಿಗೂ ಪೌಡರಿಗೂ ವೈಲೆಟ್ ಇಳಿಯಿತು. ಇದನ್ನು ಮಾಡಲು ಸಿಟ್ರಾಲ್ ಅನ್ನುವ ನಿಂಬೆ ವಾಸನೆಯ ಅಂಶ ಬೇಕು. ಬಹಳ ಕಾಲ ಸಿಟ್ರಾಲ್ ತೆಗೆಯುತ್ತಿದ್ದದ್ದು ಮಜ್ಜಿಗೆ ಹುಲ್ಲಿನ ಎಣ್ಣೆಯಿಂದ. ಕೇರಳದಿಂದ ಹೋಗುತ್ತಿದ್ದ ಈ ಎಣ್ಣೆಗೆ ವ್ಯಾಪಾರದಲ್ಲಿ ‘ಕೊಚ್ಚಿನ್ ಎಣ್ಣೆ’ ಅಂತಲೇ ಹೆಸರಿತ್ತು. ನಮ್ಮ ಕಡೆ ಕಷಾಯಕ್ಕೆ ಹಾಕುವ ಹುಲ್ಲಿನಿಂದ ಅವರ ವೈಲೆಟ್!

ನೀವು ವೈಲೆಟ್ ಮೂಸಿಲ್ಲದಿದ್ದರೂ ಅಯೋನೋನ್ ಮೂಸಿದ್ದೀರಿ. ಸಂಪಿಗೆಯಲ್ಲಿದೆ. ಸಂಪಿಗೆಯ ಹಳದಿ ಎಸಳಿನ ಘಾಟಿನ ಹಿಂದೆ ಒಂದು ಮೆತ್ತನೆ ಬೆಚ್ಚನೆ ಹಣ್ಣಿನಂಥ ಕಂಪು ಇದೆಯಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಹಾಗೆಯೇ ಬಯಲುಸೀಮೆಯ ಬೇಲಿಗಳಲ್ಲಿ ಬೆಳೆಯುವ ಕಸ್ತೂರಿ ಜಾಲಿ. ಹಳದಿ ಗುಂಡು ಹೂವು, ಮುಳ್ಳು. ಫ್ರಾನ್ಸಿನ ಗ್ರಾಸ್ ಊರಿನ ಸುತ್ತ ಅದನ್ನು ಕ್ಯಾಸಿ ಅಂತ ಕರೆದು ಸೆಂಟಿಗಾಗಿಯೇ ಬೆಳೆಸಿದರು. ಅದರದೂ ಪೌಡರ್ ಕಡೆಗೇ ವಾಲುವ ಪರಿಮಳ. ನಿಮ್ಮ ಬಾಟಲಿಯ ವರ್ಣನೆಯಲ್ಲೂ ಕ್ಯಾಸಿಯ ಹೆಸರು ಬರುತ್ತದೆ. ನಾವು ಅದನ್ನು ಬೇಲಿಗೆ ಹಾಕಿ ಮರೆತಿದ್ದೇವೆ.

ಸಿಹಿಯ ಪಾಲು ವೆನಿಲ್ಲಾದ್ದು. 1874ರಲ್ಲಿ ಅದರ ವೆನಿಲಿನ್ ಅನ್ನು ಪ್ರಯೋಗಾಲಯದಲ್ಲಿ ಮಾಡಿದವರು ಹಾರ್ಮನ್ ಮತ್ತು ಅದೇ ಟೀಮನ್. ಅಂದರೆ ನಿಮ್ಮ ಸೆಂಟಿನ ಸಿಹಿಯೂ ಪೌಡರೂ ಒಬ್ಬನೇ ಮನುಷ್ಯನ ಕೈ ದಾಟಿ ಬಂದವು. ಮಲೆನಾಡಿನವರಿಗೆ ವೆನಿಲ್ಲಾ ಅಂದರೆ ಪರಿಮಳಕ್ಕಿಂತ ಮೊದಲು 2003ರ ಆಸುಪಾಸಿನ ದರ, ಆಮೇಲಿನ ಕುಸಿತ ನೆನಪಾಗುತ್ತದೆ. ಅದು ಬೇರೆ ಗೋಳು. ಇದೇ ಕುಟುಂಬದ ಹಳೆಯ ಸೆಂಟುಗಳಲ್ಲಿ ಇನ್ನೊಂದು ಅಂಶ ಇರುತ್ತದೆ, ಹೆಲಿಯೊಟ್ರೋಪಿನ್. ಬಾದಾಮಿ, ವೆನಿಲ್ಲಾ, ಪೌಡರ್ ಮೂರನ್ನೂ ಕಲಸಿದ ಹಾಗೆ. ಇದರ ಇನ್ನೊಂದು ಹೆಸರು ಪೈಪರೋನಲ್. ಯಾಕೆಂದರೆ 1869ರಲ್ಲಿ ಇದನ್ನು ಮೊದಲು ಪಡೆದದ್ದು ಕಾಳುಮೆಣಸಿನ ಖಾರದ ಅಂಶವಾದ ಪೈಪರೀನ್‌ನಿಂದ. ಮೆಣಸಿನಿಂದ ಬಾದಾಮಿ ಪೌಡರ್ ಪರಿಮಳ ಬಂತು ಅಂದರೆ ನಮ್ಮ ಅಡಿಕೆ ತೋಟದವರು ನಂಬುವುದಿಲ್ಲ. ಗೆರ್ಲೆನ್ ಮನೆತನದ ಜಾಕ್ ಗೆರ್ಲೆನ್ 1906ರಲ್ಲಿ ‘ಆಪ್ರೆ ಲೊಂಡೆ’, 1912ರಲ್ಲಿ ‘ಲರ್ ಬ್ಲೂ’ ಕಟ್ಟಿದಾಗ ಐರಿಸ್, ವೈಲೆಟ್, ಹೆಲಿಯೊಟ್ರೋಪಿನ್‌ಗಳನ್ನೇ ಮುಂದಿಟ್ಟುಕೊಂಡದ್ದು. ನಿಮ್ಮ ಕೆಂಜೊ ಅವರ ಮೊಮ್ಮಗಳು ಅನ್ನಬಹುದು. ಸೀರೆ ಬಿಟ್ಟು ಜೀನ್ಸ್ ಹಾಕಿದ ಮೊಮ್ಮಗಳು.

ಕೊನೆಯದು ಬಿಳಿ ಕಸ್ತೂರಿ, ಅಂದರೆ ವೈಟ್ ಮಸ್ಕ್. ಕಸ್ತೂರಿ ಮೃಗದ್ದು ಅಲ್ಲ, ಗಾಬರಿ ಬೇಡ. 1888ರಲ್ಲಿ ಆಲ್ಬರ್ಟ್ ಬಾವರ್ ಅನ್ನುವ ರಸಾಯನಶಾಸ್ತ್ರಜ್ಞ ಸ್ಫೋಟಕ ಮಾಡಲು ಹೊರಟು ಕಸ್ತೂರಿ ವಾಸನೆಯ ಪುಡಿ ಮಾಡಿದ. ಅಲ್ಲಿಂದ ಕೃತಕ ಕಸ್ತೂರಿಯ ಸಾಲು ಶುರುವಾಯಿತು. 1960ರ ದಶಕದಲ್ಲಿ ಬಂದ ಗ್ಯಾಲಕ್ಸೊಲೈಡ್ ಬಟ್ಟೆ ಸೋಪಿನ ಪುಡಿಗೂ ಹೋಯಿತು. ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಶುಭ್ರ ವಾಸನೆ ಅನ್ನುತ್ತೇವಲ್ಲ, ಅದರಲ್ಲಿ ಈ ಕಸ್ತೂರಿಗಳ ಪಾಲು ದೊಡ್ಡದು. ಇವು ಭಾರದ ಅಣುಗಳು. ನಿಧಾನಕ್ಕೆ ಆರುತ್ತವೆ. ನೀರಿಗೆ ಸೇರುವುದಿಲ್ಲ, ನೂಲಿಗೆ ಅಂಟಿಕೊಳ್ಳುತ್ತವೆ. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತು ಅನ್ನುವ ಗಾದೆ ಇದೆ. ಸೆಂಟಿನಲ್ಲಿ ಅದು ತಿರುಗಾಮುರುಗಾ. ಇಲ್ಲಿ ಈ ನಾರೇ ಹೂವನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ.

ದುಪಟ್ಟಾದ ಮಾತು ಇಲ್ಲಿ ಬರುತ್ತದೆ. ನಕಲಿ ಸೆಂಟು ಮಾಡುವವರು ಸಾಮಾನ್ಯವಾಗಿ ಮೊದಲ ಐದು ನಿಮಿಷಕ್ಕೆ ಖರ್ಚು ಮಾಡುತ್ತಾರೆ. ಗಿರಾಕಿ ಅಂಗಡಿಯಲ್ಲಿ ಮೂಸುವುದು ಅಷ್ಟೇ ಹೊತ್ತು ತಾನೆ? ತಳದಲ್ಲಿ ಹೂಡಿಕೆ ಇರುವುದಿಲ್ಲ. ಮಾರನೇ ದಿನ ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಉಳಿದರೂ ಒರಟು ವಾಸನೆ. ನಿಮ್ಮದರಲ್ಲಿ ಮಾರನೇ ದಿನ ಮೆತ್ತಗೆ ಉಳಿದಿದೆ. ಚರ್ಮದಲ್ಲಿ ಉಳಿಯದೆ ಬಟ್ಟೆಯಲ್ಲಿ ಯಾಕೆ ಉಳಿಯಿತು ಅಂದರೆ, ಬಟ್ಟೆಗೆ ಮೈ ಬಿಸಿ ಇಲ್ಲ, ಬೆವರಿಲ್ಲ, ಚರ್ಮದ ಹಾಗೆ ಒಳಗೆ ಎಳೆದುಕೊಳ್ಳುವ ಗುಣ ಇಲ್ಲ. ದಿನಕ್ಕೆ ನಾಲ್ಕು ಸಲ ಸೋಪು ಹಚ್ಚಿ ತೊಳೆಯುವವರೂ ಇಲ್ಲ.

ಈಗ ಮೂಗಿನ ಕಥೆ. ನಿಜವಾದ ಉತ್ತರ ಇಲ್ಲಿದೆ.

ಅಗರಬತ್ತಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹೆಂಗಸರು ಸಂಜೆ ಬಸ್ ಹತ್ತಿದರೆ ಇಡೀ ಬಸ್ಸಿಗೆ ಗೊತ್ತಾಗುತ್ತದೆ. ಅವರಿಗೆ ಮಾತ್ರ ಗೊತ್ತಾಗುವುದಿಲ್ಲ. ನಾನೂ ಹಾಗೇ ಓಡಾಡಿದವಳು. ಎಡೆಬಿಡದೆ ಬರುವ ವಾಸನೆಯನ್ನು ಮೂಗು, ಮಿದುಳು ಎರಡೂ ಸ್ವಲ್ಪ ಹೊತ್ತಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತವೆ. ಹೊಸ ವಾಸನೆ ಬಂದರೆ ತಿಳಿಯಲಿ ಅಂತ ಹಳೆಯದನ್ನು ಬದಿಗೆ ಸರಿಸುತ್ತವೆ. ಇದು ಎಲ್ಲ ಸೆಂಟಿಗೂ ಆಗುತ್ತದೆ. ಆದರೆ ನಿಮ್ಮದರ ಎರಡು ಮುಖ್ಯ ಅಂಶಗಳು, ಅಂದರೆ ವೈಲೆಟ್ಟಿನ ಅಯೋನೋನ್ ಮತ್ತು ಬಿಳಿ ಕಸ್ತೂರಿ, ಈ ವಿಷಯದಲ್ಲಿ ಕುಖ್ಯಾತ.

ಅಯೋನೋನ್ ಮೂಗನ್ನು ಬಲುಬೇಗ ದಣಿಸುತ್ತದೆ. ಒಂದು ಸಲ ಮೂಸಿದರೆ ಇದೆ, ಕೂಡಲೇ ಎರಡನೇ ಸಲ ಮೂಸಿದರೆ ಇಲ್ಲ. ಹತ್ತು ನಿಮಿಷ ಬಿಟ್ಟು ಬನ್ನಿ, ಮತ್ತೆ ಇದೆ. ವೈಲೆಟ್ ಹೂವಿನ ಈ ಕಣ್ಣಾಮುಚ್ಚಾಲೆ ಯೂರೋಪಿನವರಿಗೆ ಹಳೆಯ ಪರಿಚಯ. ನಿಮ್ಮ ಮಧ್ಯಾಹ್ನದ ಕಥೆ ಇದೇ. ಬೆಳಿಗ್ಗೆ ಇಡೀ ಎಸಿ ರೂಮಿನಲ್ಲಿ ಕೂತಿದ್ದಿರಿ. ಮೂಗು ದಣಿದಿತ್ತು. ತಂಪಿಗೆ ಸೆಂಟೂ ನಿಧಾನವಾಗಿ ಆರುತ್ತಿತ್ತು. ಒಂದೂವರೆಗೆ ಹೊರಗೆ ಬಿಸಿಲಿಗೆ ಬಂದಿರಿ. ಗಾಳಿ ಬದಲಾಗಿ ಮೂಗು ಸುಧಾರಿಸಿಕೊಂಡಿತು. ಚರ್ಮ ಬಿಸಿಯಾಗಿ ಸೆಂಟು ಎದ್ದಿತು. ಎರಡೂ ಒಟ್ಟಿಗೆ ಆದದ್ದರಿಂದ ‘ಎಲ್ಲಿಂದಲೋ’ ಬಂದ ಹಾಗೆ ಅನ್ನಿಸಿತು. ನಿಮ್ಮ ಪಕ್ಕದ ಕೌಂಟರಿನವರನ್ನು ಕೇಳಿ ನೋಡಿ. ಅವರಿಗೆ ಹನ್ನೊಂದಕ್ಕೂ ಬರುತ್ತಿತ್ತು, ಹನ್ನೆರಡಕ್ಕೂ ಬರುತ್ತಿತ್ತು.

ಕಸ್ತೂರಿಯದು ಇನ್ನೂ ವಿಚಿತ್ರ. ಕೆಲವರಿಗೆ ಕೆಲವು ಕಸ್ತೂರಿಗಳು ಹುಟ್ಟಿನಿಂದಲೇ ಗೊತ್ತಾಗುವುದಿಲ್ಲ. ಉಳಿದ ಎಲ್ಲ ವಾಸನೆ ಗೊತ್ತಾಗುತ್ತದೆ, ಅದೊಂದು ಮಾತ್ರ ಖಾಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬಾಟಲಿ ಮೂಸಿ ‘ಸರ್, ಇದು ಖಾಲಿ ದ್ರಾವಣ, ಯಾರೋ ತಪ್ಪು ಲೇಬಲ್ ಅಂಟಿಸಿದ್ದಾರೆ’ ಅಂದೆ. ಹಿರಿಯರು ನಕ್ಕರು. ಅದು ಕಸ್ತೂರಿ. ರೂಮಿನಲ್ಲಿದ್ದ ಉಳಿದವರಿಗೆಲ್ಲ ಜೋರಾಗಿ ಬರುತ್ತಿತ್ತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ತಿಂಗಳ ನಂತರ ಒಂದು ಸೋಪಿನ ಸ್ಯಾಂಪಲ್‌ಗೆ ನನಗೆ ಬರುತ್ತಿಲ್ಲ ಅಂತ ಅದನ್ನೇ ಮತ್ತೆ ಮತ್ತೆ ಸೇರಿಸಿದೆ. ಗಿರಾಕಿ ವಾಪಸ್ ಕಳಿಸಿದ. ‘ಮೈ ಸೋಪು ಕೇಳಿದ್ದೆವು, ಬಟ್ಟೆ ಸೋಪು ಬಂದಿದೆ’ ಅಂತ. ಇವತ್ತಿಗೂ ಆ ಒಂದು ಕಸ್ತೂರಿಗೆ ನಾನು ಪಕ್ಕದವರ ಮೂಗು ಎರವಲು ಪಡೆಯುತ್ತೇನೆ.

ಅದಕ್ಕೇ ಜಾಸ್ತಿ ಹೊಡೆದುಕೊಳ್ಳಬೇಡಿ ಅನ್ನುವುದು. ನಿಮಗೆ ಬರುತ್ತಿಲ್ಲ ಅಂದರೆ ಇಲ್ಲ ಅಂತಲ್ಲ. ಹನ್ನೊಂದಕ್ಕೆ ಮತ್ತೆ ನಾಲ್ಕು ಸಲ ಹೊಡೆದರೆ ನಿಮಗೆ ಹತ್ತು ನಿಮಿಷ ಖುಷಿ, ಪಕ್ಕದವರಿಗೆ ಸಂಜೆ ತನಕ ತಲೆನೋವು.

ಯಜಮಾನರಿಗೂ ನಿಮಗೂ ಭಿನ್ನಾಭಿಪ್ರಾಯ ಇದೆಯಲ್ಲ, ಅದಕ್ಕೂ ಒಂದು ಕಾರಣ ಇರಬಹುದು. 2013ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿಗಳು ಬೀಟಾ ಅಯೋನೋನ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅದು ಯಾರಿಗೆ ಚೆನ್ನಾಗಿ ಗೊತ್ತಾಗುತ್ತದೆ, ಯಾರಿಗೆ ಇಲ್ಲ ಅನ್ನುವುದನ್ನು ಬಹುಪಾಲು ಒಆರ್5ಎ1 ಅನ್ನುವ ಒಂದೇ ಜೀನ್ ನಿರ್ಧರಿಸುತ್ತದೆ. ಸೂಕ್ಷ್ಮ ಮೂಗಿನವರು ಅದನ್ನು ಹೂವಿನ ಪರಿಮಳ ಅಂದರು. ಉಳಿದವರಿಗೆ ಅದು ಹುಳಿ, ಘಾಟು. ಒಂದೇ ಬಾಟಲಿ, ಒಂದೇ ಮಂಚದ ಇಬ್ಬರಿಗೆ ಎರಡು ಸೆಂಟು. ಇದಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ.

ನಾದಿನಿಯ ಕೈ ವಿಷಯಕ್ಕೆ ಬರೋಣ. ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ಒಬ್ಬೊಬ್ಬರಿಗೆ ಬೇರೆ ಇರುತ್ತದೆ, ಅದಕ್ಕೇ ಸೆಂಟು ಬದಲಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಆರೋಗ್ಯವಂತ ಚರ್ಮಗಳ ಪಿಎಚ್ ಅಷ್ಟೇನೂ ದೂರ ದೂರ ಇರುವುದಿಲ್ಲ. ನಾನು ಮೊದಲು ಕೇಳುವುದು ಚರ್ಮ ಒಣವಾ, ಎಣ್ಣೆಯಾ ಅಂತ. ಒಣ ಚರ್ಮದಲ್ಲಿ ಸೆಂಟು ಬೇಗ ಹಾರುತ್ತದೆ. ಎಣ್ಣೆ ಚರ್ಮದಲ್ಲಿ ನಿಧಾನ. ಹುಬ್ಬಳ್ಳಿಯ ಚಳಿಗಾಲದ ಒಣ ಗಾಳಿಗೆ ನಿಮ್ಮ ಕೈ ಬಿರಿದಿದ್ದು, ನಾದಿನಿ ದಿನಾ ಕೊಬ್ಬರಿ ಎಣ್ಣೆ ಹಚ್ಚುವವರಾದರೆ ಅಲ್ಲಿಗೆ ಉತ್ತರ ಸಿಕ್ಕಿತು. ಆ ಎಣ್ಣೆಗೆ ತನ್ನದೇ ವಾಸನೆ ಬೇರೆ. ವೆನಿಲ್ಲಾ ಅದರ ಜೊತೆ ಸೇರಿ ಬರ್ಫಿ ಆಗಿಬಿಡುತ್ತದೆ. ಜೊತೆಗೆ ಅವರು ಯಾವ ಸೋಪು, ಯಾವ ಕ್ರೀಮು ಹಚ್ಚಿದ್ದರು? ಅವರ ಕೈ ಮೂಸಿದ್ದು ಎಷ್ಟು ಹೊತ್ತಿಗೆ? ನಿಮ್ಮದು ನಾಲ್ಕನೇ ಗಂಟೆ, ಅವರದು ನಾಲ್ಕನೇ ನಿಮಿಷ ಆದರೆ ಹೋಲಿಕೆಯೇ ತಪ್ಪು.

ಒಂದು ಭಾನುವಾರ ಹೀಗೆ ಮಾಡಿ ನೋಡಿ. ಮಕ್ಕಳ ಡ್ರಾಯಿಂಗ್ ಶೀಟಿನಿಂದ ಬೆರಳಗಲದ ಒಂದು ಪಟ್ಟಿ ಕತ್ತರಿಸಿ. ಲಗ್ನಪತ್ರಿಕೆ ಬೇಡ, ಅದರ ನುಣುಪು ಕಾಗದ ಹೀರುವುದಿಲ್ಲ, ಕೆಲವಕ್ಕೆ ಮೊದಲೇ ಸೆಂಟು ಹಾಕಿರುತ್ತಾರೆ. ಪಟ್ಟಿಗೆ ಒಂದು ಸಲ, ಮಣಿಕಟ್ಟಿಗೆ ಒಂದು ಸಲ, ಹಳೆಯ ಹತ್ತಿ ಕರವಸ್ತ್ರಕ್ಕೆ ಒಂದು ಸಲ ಹೊಡೆಯಿರಿ. ಕೂಡಲೇ ಮೂಸಬೇಡಿ, ಆಲ್ಕೋಹಾಲ್ ಹೋಗಲಿ. ಆಮೇಲೆ ಒಂದು ನಿಮಿಷಕ್ಕೆ, ಕಾಲು ಗಂಟೆಗೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ, ಮಾರನೇ ಬೆಳಿಗ್ಗೆ ಮೂಸಿ ಅನ್ನಿಸಿದ್ದನ್ನು ಬರೆದಿಡಿ. ನಡುನಡುವೆ ಮೂಗು ಹತ್ತಿರ ತರಬೇಡಿ. ಕಾಗದದ ಮೇಲೆ ಹಣ್ಣು ಜಾಸ್ತಿ ಹೊತ್ತು ನಿಂತು, ಕೈ ಮೇಲೆ ಬೇಗ ಹೋಗಿರುತ್ತದೆ, ನೋಡಿ. ಹಿಂದಿನ ದಿನದ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಒಂದರ ಪಕ್ಕ ಒಂದು ಹಿಡಿದರೆ ಪೌಡರ್ ಮೊದಲಿಂದಲೂ ಎಲ್ಲಿ ಅಡಗಿತ್ತು ಅಂತ ನಿಮಗೇ ತಿಳಿಯುತ್ತದೆ. ಪ್ರತಿ ಸಲ ಮನೆಯ ಇನ್ನೊಬ್ಬರಿಗೂ ಮೂಸಲು ಕೊಡಿ. ನಡುವೆ ಕಾಫಿ ಬೀಜ ಮೂಸಿದರೆ ಮೂಗು ತಾಜಾ ಆಗುತ್ತದೆ ಅನ್ನುವುದು ಅಂಗಡಿಯವರ ನಂಬಿಕೆ. ಪರೀಕ್ಷೆ ಮಾಡಿದಾಗ ಬರೀ ಗಾಳಿಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ಚಿಕ್ಕಮಗಳೂರಿನವಳಾಗಿ ಇದನ್ನು ಹೇಳಲು ನನಗೂ ಕಷ್ಟವೇ. ಕಾಫಿಯನ್ನು ಕುಡಿಯಿರಿ. ಮೂಗಿಗೆ ನಿಮ್ಮ ಮೊಣಕೈಯ ಒಳಬದಿ ಮೂಸಿದರೆ ಸಾಕು.

ದಿನದ ಬಳಕೆಗೆ ಎರಡು ಸಲ ಹೊಡೆದರೆ ಸಾಕು. ಕೊರಳ ಮುಂಭಾಗಕ್ಕೆ ಬೇಡ. ಅದು ನೇರ ಮೂಗಿನ ಕೆಳಗೇ ಬರುತ್ತದೆ, ಮೂಗು ಬೇಗ ದಣಿಯುತ್ತದೆ. ಕತ್ತಿನ ಹಿಂದೆ, ಮೊಣಕೈ ಮಡಿಕೆಯಲ್ಲಿ ಹಾಕಿ. ಚರ್ಮ ಒಣಗಿದ್ದರೆ ಮೊದಲು ವಾಸನೆ ಇಲ್ಲದ ಕ್ರೀಮನ್ನೋ ಚೂರು ವ್ಯಾಸಲೀನನ್ನೋ ಹಚ್ಚಿ. ಎರಡು ಮಣಿಕಟ್ಟು ಉಜ್ಜಬೇಡಿ ಅನ್ನುತ್ತಾರಲ್ಲ, ಅಣುಗಳು ಒಡೆಯುತ್ತವೆ ಅನ್ನುವುದು ಸುಳ್ಳು. ಉಜ್ಜಿದರೆ ಬಿಸಿಯಾಗಿ ಮೊದಲ ಹಣ್ಣಿನ ಭಾಗ ಬೇಗ ಹೋಗುತ್ತದೆ, ಅಷ್ಟೆ. ನಿಮಗೆ ಇಷ್ಟ ಆಗಿರುವುದೇ ಆ ಭಾಗ, ಹಾಗಾಗಿ ಸುಮ್ನೆ ಬಿಡಿ. ರೇಷ್ಮೆ ಸೀರೆಗೆ ನೇರ ಹೊಡೆಯಬೇಡಿ, ಕಲೆ ಕೂರುತ್ತದೆ. ಬಾಟಲಿಯನ್ನು ಬಚ್ಚಲುಮನೆಯ ಕಪಾಟಿನಲ್ಲೂ ಬಿಸಿಲು ಬೀಳುವ ಕಿಟಕಿಯಲ್ಲೂ ಇಡಬೇಡಿ. ಬೀರುವಿನಲ್ಲಿ ಇಡಿ. ವರ್ಷಗಳು ಕಳೆದ ಮೇಲೆ ಬಣ್ಣ ಸ್ವಲ್ಪ ಹಳದಿಗೆ ತಿರುಗಿದರೆ ಕೆಟ್ಟಿತು ಅಂದುಕೊಳ್ಳಬೇಡಿ. ವೆನಿಲಿನ್ ಇರುವ ಸೆಂಟುಗಳಿಗೆ ಅದು ಸಹಜ.

ಇನ್ನು ಮಲ್ಲಿಗೆ. ಮಲ್ಲಿಗೆ ಮೊಗ್ಗು ಸಂಜೆಗೆ ಬಿರಿಯುವ ಹೂವು. ಬಿರಿದ ಮೇಲೆ ಅದರ ಮುಂದೆ ಯಾವ ವೈಲೆಟ್ಟಿನ ಆಟವೂ ನಡೆಯುವುದಿಲ್ಲ. ತಲೆಯಲ್ಲಿ ಒಂದು ಮೊಳ ಇದ್ದರೆ ಕೈಯ ಸೆಂಟಿನಲ್ಲಿ ನಿಮಗೆ ಸಿಗುವುದು ವೆನಿಲ್ಲಾದ ಸಿಹಿ ಒಂದೇ. ಮಲ್ಲಿಗೆಯ ಜೊತೆ ಅದು ಸೇರಿದರೆ ಮದುವೆ ಮನೆಯ ಸೆಕೆಯಲ್ಲಿ ಸ್ವಲ್ಪ ಜಡ ಅನ್ನಿಸುತ್ತದೆ. ನನ್ನನ್ನು ಕೇಳಿದರೆ ಆ ದಿನ ಮಲ್ಲಿಗೆಯೇ ಸಾಕು, ಬಾಟಲಿ ಬೀರುವಿನಲ್ಲಿರಲಿ. ಹೂವೂ ಬೇಕು, ಅಣ್ಣ ಕೊಟ್ಟ ಸೆಂಟೂ ಬೇಕು ಅಂದರೆ ಕನಕಾಂಬರ ಮುಡಿಯಿರಿ. ಪಾಪಿಯ ಹಾಗೆ ಅದಕ್ಕೂ ತನ್ನದೇ ವಾಸನೆ ಇಲ್ಲ.